ಕ್ರಾಫ್ಟ್ ಮೇಷ್ಟ್ರ ಹನ್ನೆರಡು ಪರದೆಗಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಅಯಸ್ಕಾಂತ ಅಂಟಿಕೊಂಡಿದೆ. ತೆಂಗಿನಕಾಯಿ ಹೋಳಿನ ಹಾಗೆ ಬಾಗಿದ, ಬೆಳ್ಳಗೆ ಹೊಳೆಯುವ ತುಂಡು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಗ್ಯಾಸಿನ ಚೀಟಿ, ಮದುವೆಯ ಕರೆಯೋಲೆ, ಡಾಕ್ಟರು ಮಾತ್ರೆ ಬರೆದುಕೊಟ್ಟ ಕಾಗದ, ಎಲ್ಲವನ್ನೂ ಅದೊಂದೇ ಹಿಡಿದುಕೊಂಡಿರುತ್ತದೆ. ಹೋದ ವಾರ ಮನೆಗೆಲಸಕ್ಕೆ ಬರುವಾಕೆ ಫ್ರಿಜ್ಜು ಒರೆಸಲು ಅದನ್ನು ಎಳೆದಳು. ಅದು ಕೈಜಾರಿ ಮತ್ತೆ ಬಾಗಿಲಿಗೆ ಬಡಿದು ನಡುವೆ ಅವಳ ಬೆರಳು ಸಿಕ್ಕಿಕೊಂಡಿತು.

"ಅಯ್ಯಪ್ಪಾ, ಇದೇನಕ್ಕ, ಈ ಪಾಟಿ ಕಚ್ಕತ್ತದೆ! ಎಲ್ಲಿಂದ ತಂದ್ರಿ ಇದ?"

"ಯಾವುದೋ ಹಳೇದು, ಬಿಡು" ಅಂದೆ. ಅವಳು ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಾ ಪಾತ್ರೆ ತೊಳೆಯಲು ಹೋದಳು. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತೆ. ಅಯಸ್ಕಾಂತಕ್ಕೆ ವಾಸನೆ ಇರುವುದಿಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ ವಿಜ್ಞಾನ ಪಾಠ ಮಾಡಿದವಳಿಗೆ ಅಷ್ಟು ಗೊತ್ತು. ಆದರೂ ಆ ಹೊತ್ತಿಗೆ ಹಳೆಯ ಮಾನಿಟರುಗಳು ಬಿಸಿಯಾದಾಗ ಏಳುವ ಸುಟ್ಟ ಧೂಳಿನ ವಾಸನೆ ಮೂಗಿಗೆ ಬಂತು... ಅದರ ಹಿಂದೆಯೇ ಕ್ರಾಫ್ಟ್ ಮೇಷ್ಟ್ರು ಬಂದರು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಹಂಪಾಪುರದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಅನುದಾನಿತ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಡಂ. ಎಚ್.ಡಿ. ಕೋಟೆಯಲ್ಲಿ ಬಾಡಿಗೆ ಮನೆ, ಅಮ್ಮ ಮತ್ತು ನಾನು ಇಬ್ಬರೇ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದರೂ ನನ್ನ ನೇಮಕಕ್ಕೆ ಸರ್ಕಾರದ ಅನುಮೋದನೆ ಬಂದಿರಲಿಲ್ಲ. ಅದು ಬರುವವರೆಗೆ ಆಡಳಿತ ಮಂಡಳಿಯವರು ಕೈಯೆತ್ತಿ ಕೊಟ್ಟಿದ್ದೇ ಸಂಬಳ. ಇಷ್ಟಾದರೂ ನನ್ನ ಬಾಯಿ ಮಾತ್ರ ಜೋರು. ಸ್ಟಾಫ್ ರೂಮಿನಲ್ಲಿ ಯಾರು ಏನು ಅಂದರೂ ಪಟ್ಟನೆ ಉತ್ತರ ಕೊಡುವವಳು ನಾನೇ.

ಕ್ರಾಫ್ಟ್ ಮೇಷ್ಟ್ರು ಮರಗೆಲಸ ಕಲಿಸುವವರು. ನಿವೃತ್ತಿಗೆ ಐದಾರು ವರ್ಷ ಉಳಿದಿತ್ತು. ಅವರು ಹೋದರೆ ಆ ಹುದ್ದೆಯೂ ಹೋದ ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತು. ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲು, ಅಂಗಿಯ ತೋಳಿನಲ್ಲಿ ಮರದ ಹೊಟ್ಟು. "ಏನ್ ಮೇಷ್ಟ್ರೇ, ಇವತ್ತು ಎಷ್ಟು ಬೆಂಚಿಗೆ ಕಾಲು ಬಂತು?" ಎಂದು ನಾನೂ ರೇಗಿಸುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು.

ಶಾಲೆಯಲ್ಲಿದ್ದದ್ದು ಒಂದೇ ಒಂದು ಕಂಪ್ಯೂಟರು. ಹೆಡ್ಮಾಸ್ಟರ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮಕ್ಕಳು ಸಾಲಾಗಿ ಬಂದು ಬಾಗಿಲಲ್ಲೇ ನಿಂತು ಅದರ ದರ್ಶನ ಮಾಡಿ ಹೋಗಬೇಕು. ಅದನ್ನು ನೋಡಿ ಒಂದು ದಿನ ಕ್ರಾಫ್ಟ್ ಮೇಷ್ಟ್ರು ನನ್ನ ಹತ್ತಿರ ಗೊಣಗಿದರು, "ಸೋಪ ಅಂಗಡೀಲೇ ಮಡಗಿ ಸ್ನಾನ ಮಾಡ್ರಪ್ಪಾ ಅಂದಂಗಾಯ್ತು ಕಣ್ರೀ ಇದು."

ಅವರ ಹಳೆಯ ಶಿಷ್ಯೆಯೊಬ್ಬಳು ಮೈಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹನ್ನೆರಡು ಹಳೆಯ ಯಂತ್ರಗಳನ್ನು ಮೂಲೆಗೆ ಹಾಕಿದ್ದರಂತೆ. ವರ್ಕ್‌ಸ್ಟೇಷನ್ ಎಂದು ಅವುಗಳ ಹೆಸರು. ಒಂದು ಕಾಲಕ್ಕೆ ಎಂಜಿನಿಯರುಗಳು ಯಂತ್ರದ ನಕ್ಷೆ ಬರೆಯುತ್ತಿದ್ದ ಭಾರೀ ಬೆಲೆಯ ಸಾಮಾನು. ಈಗ ಹೊಸ ಕೆಲಸ ಮಾಡಲು ಅವಕ್ಕೆ ತ್ರಾಣವಿಲ್ಲ, ಮಾಹಿತಿ ಕೂಡಿಡುವ ಡಿಸ್ಕುಗಳು ಮುಕ್ಕಾಲು ಪಾಲು ಕೆಟ್ಟಿವೆ. ಶಾಲೆಗೆ ಬೇಕಾದರೆ ಒಯ್ಯಿರಿ ಅಂದರಂತೆ. ಮೇಷ್ಟ್ರು ಅವನ್ನು ಗೋಣಿತಾಟಿನಲ್ಲಿ ಸುತ್ತಿ, ಹೊಗೆಸೊಪ್ಪಿನ ಬೇಲಿನ ಹಾಗೆ ಹಗ್ಗ ಬಿಗಿದು, ಟೆಂಪೋದಲ್ಲಿ ತಂದು ಇಳಿಸಿದರು. ಒಂದೊಂದು ಮಾನಿಟರು ಎತ್ತಲು ಇಬ್ಬರು ಬೇಕಾಗಿತ್ತು. ಹೆಡ್ಮಾಸ್ಟರು ಬಂದು ನೋಡಿ, ಗುಜರಿಯವನಿಗೆ ನಮ್ಮ ಶಾಲೆಯ ದಾರಿ ಯಾರು ತೋರಿಸಿದರು ಎಂದು ಕೇಳಿದರು.

ಮೇಷ್ಟ್ರು ಭಾನುವಾರ ಭಾನುವಾರ ಮೈಸೂರಿಗೆ ಹೋಗಿ ಶಿಷ್ಯೆಯ ಹತ್ತಿರ ಪಾಠ ಹೇಳಿಸಿಕೊಂಡು, ಹಾಳೆಗಟ್ಟಲೆ ಬರೆದುಕೊಂಡು ಬರುತ್ತಿದ್ದರು. ಅವರು ಮಾಡಲು ಹೊರಟಿದ್ದು ಇಷ್ಟು: ಲೆಕ್ಕ ಹಾಕುವುದು, ನೆನಪಿಟ್ಟುಕೊಳ್ಳುವುದು ಎಲ್ಲ ಹೆಡ್ಮಾಸ್ಟರ ಕೋಣೆಯ ಒಂದೇ ಕಂಪ್ಯೂಟರಿನ ಕೆಲಸ. ಈ ಹಳೆಯವು ಕೇಬಲ್ಲಿನ ಮೂಲಕ ಅದಕ್ಕೆ ಸೇರಿಕೊಂಡು, ಅದು ಮಾಡಿದ್ದನ್ನು ತಮ್ಮ ಪರದೆಯ ಮೇಲೆ ಬರೆದು ತೋರಿಸುತ್ತವೆ. ಇಲ್ಲಿ ಒತ್ತಿದ ಅಕ್ಷರವನ್ನು ಅಲ್ಲಿಗೆ ಮುಟ್ಟಿಸುತ್ತವೆ. ನನಗೆ ನಂಬಿಕೆ ಬರಲಿಲ್ಲ.

"ಬುದ್ಧಿಯೆಲ್ಲ ಆ ಹೊಸ ಡಬ್ಬದಾಗಿರ್ತದೆ ಮೇಡಮ್ಮೋರೇ. ಇವು ಬರೀ ಕಣ್ಣು, ಕೈ" ಅಂದರು. "ಕಣ್ಣು ಕೈಗೆ ಡಿಸ್ಕ್ ಯಾಕೆ? ತೆಗದ್‌ಬುಟ್ರೆ ಸದ್ದೂ ಕಮ್ಮಿ, ಕಾವೂ ಕಮ್ಮಿ."

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ನಾನೂ ಅವರ ಜೊತೆ ಕೂತು ಡಬ್ಬ ಬಿಚ್ಚುತ್ತಿದ್ದೆ. ಸ್ಕ್ರೂಗಳನ್ನೆಲ್ಲ ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕಿಡುತ್ತಿದ್ದೆವು. ಹಾಗೆ ಹೊರಬಂದ ಡಿಸ್ಕೊಂದನ್ನು ಕುತೂಹಲಕ್ಕೆ ಬಿಚ್ಚಿಸಿದವಳು ನಾನೇ. ಒಳಗೆ ಕನ್ನಡಿಯಂಥ ದುಂಡು ಬಿಲ್ಲೆಗಳು, ಪಕ್ಕದಲ್ಲಿ ಈ ಬಾಗಿದ ಅಯಸ್ಕಾಂತ. ನಮ್ಮ ಪ್ರಯೋಗಶಾಲೆಯಲ್ಲಿದ್ದ ಅಯಸ್ಕಾಂತಗಳು ಗುಂಡುಸೂಜಿಯನ್ನೂ ಎತ್ತಲಾರದಷ್ಟು ಸೊರಗಿದ್ದವು. ಇದು ಸುತ್ತಿಗೆಯನ್ನೇ ಎತ್ತಿತು. ನನ್ನ ಬಾಯಲ್ಲಿ ನೀರೂರಿತು. "ಮೇಷ್ಟ್ರೇ, ಹನ್ನೆರಡೂ ನನಗೇ ಬೇಕು" ಅಂದೆ. ಅವರು ಹನ್ನೆರಡನ್ನೂ ನನ್ನ ಟೇಬಲ್ಲಿನ ಮೇಲೆ ತಂದಿಟ್ಟರು. ನಾನು ಎಲ್ಲವನ್ನೂ ಕಿತ್ತು, ಅಯಸ್ಕಾಂತ ಬೇರೆ, ಬಿಲ್ಲೆ ಬೇರೆ, ಉಳಿದ ಚಿಪ್ಪು ಬೇರೆ ಮಾಡಿ ಪ್ರಯೋಗಶಾಲೆಯ ನನ್ನ ಬೀರುವಿನಲ್ಲಿಟ್ಟೆ. ಯಾರನ್ನೂ ಕೇಳಲಿಲ್ಲ, ಎಲ್ಲಿಯೂ ಬರೆದಿಡಲಿಲ್ಲ. ಹಾಗೆ ಮಾಡಬೇಕು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಸಲ ಹನ್ನೆರಡೂ ಪರದೆಗಳು ಒಟ್ಟಿಗೆ ಬೆಳಗಿದ ದಿನ ಚೆನ್ನಾಗಿ ನೆನಪಿದೆ. ಕೋಣೆಯ ತುಂಬ ಸುಟ್ಟ ಧೂಳಿನ ವಾಸನೆ. ಮೇಷ್ಟ್ರೇ ಮಾಡಿದ ಗಿಡ್ಡ ಮೇಜುಗಳ ಮುಂದೆ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಯಾರೋ ಒಂದು ಹುಡುಗಿ ತನ್ನ ಹೆಸರಿನ ಮೊದಲಕ್ಷರ ಒತ್ತಿದಳು, ಅದು ಪರದೆಯ ಮೇಲೆ ಮೂಡಿತು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಆಮೇಲೆ ಒಂದು ವರ್ಷ ಕರೆಂಟು ಇದ್ದಷ್ಟು ಹೊತ್ತು ಆ ಕೋಣೆ ಖಾಲಿ ಇರುತ್ತಿರಲಿಲ್ಲ. ನಾನೂ ರೇಗಿಸುವುದು ಬಿಟ್ಟೆ.

ಆ ವರ್ಷದ ಕೊನೆಗೆ, ಶಾಲೆಗೆ ಹೊಸ ಕಂಪ್ಯೂಟರು ಕೊಡಬಹುದೇ ಎಂದು ನೋಡಲು ಇಲಾಖೆಯಿಂದ ಇಬ್ಬರು ಬಂದರು. ಅವರ ಜೊತೆ ಒಬ್ಬ ಮೆಕ್ಯಾನಿಕ್, ಆಡಳಿತ ಮಂಡಳಿಯ ಕಾರ್ಯದರ್ಶಿ ಬೇರೆ. ಊರಿನ ಟ್ರಾನ್ಸ್‌ಫಾರ್ಮರು ಸುಟ್ಟು ಅಂದಿಗೆ ಎರಡು ದಿನ. ಪರದೆಗಳೆಲ್ಲ ಕಪ್ಪಗೆ ಕೂತಿದ್ದವು. ಮೆಕ್ಯಾನಿಕ್ ಸುಮ್ಮನಿರಲಾರದೆ ಒಂದು ಡಬ್ಬ ಬಿಚ್ಚಿದ. "ಸಾರ್, ಇದರಲ್ಲಿ ಹಾರ್ಡ್‌ಡಿಸ್ಕೇ ಇಲ್ಲ!" ಇನ್ನೊಂದು ಬಿಚ್ಚಿದ. ಅದರಲ್ಲೂ ಇಲ್ಲ. ಹನ್ನೆರಡರಲ್ಲೂ ಇಲ್ಲ. ಶಾಲೆಗಳ ಕಂಪ್ಯೂಟರಿನಿಂದ ಬಿಡಿಭಾಗ ಕದ್ದು ಮಾರುವ ಸುದ್ದಿ ಆಗ ಆಗಾಗ ಕೇಳಿಬರುತ್ತಿದ್ದ ಕಾಲ.

"ಅದಿಲ್ದೇನೇ ಓಡ್ತವೆ ಸಾರ್. ಕರೆಂಟ್ ಬರ್ಲಿ, ತೋರುಸ್ತೀನಿ" ಎಂದರು ಮೇಷ್ಟ್ರು.

ಕಾರ್ಯದರ್ಶಿ ನಕ್ಕ ನಗು ಈಗಲೂ ಕಿವಿಯಲ್ಲಿದೆ. "ಓಡೋದು ಆಮೇಲೆ ನೋಡಾಣ. ತೆಗೆದಿದ್ದು ಎಲ್ಲಿ? ಕೆಟ್ಟಿದ್ರೆ ಕೆಟ್ಟಿದ್ದನ್ನೇ ತೋರಿಸಿ."

ಕೆಟ್ಟಿದ್ದನ್ನು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವು ಹತ್ತು ಹೆಜ್ಜೆ ದೂರದಲ್ಲಿ, ನನ್ನ ಬೀರುವಿನಲ್ಲಿದ್ದವು. ಹೆಡ್ಮಾಸ್ಟರು ನನ್ನನ್ನು ಕರೆಸಿದರು. ಅವರ ಮೇಜಿನ ಮೇಲೆ ನನ್ನ ಅನುಮೋದನೆಯ ಕಡತ ಇತ್ತು. ಕಾರ್ಯದರ್ಶಿ ಅದಕ್ಕೂ ಆ ದಿನವೇ ರುಜು ಹಾಕುವವರಿದ್ದರು. ಮೇಷ್ಟ್ರು ಗೋಡೆಯ ಪಕ್ಕ ಕೈಕಟ್ಟಿ ನಿಂತಿದ್ದರು.

"ನೀವೂ ಜೊತೇಲಿ ಕೂತು ಬಿಚ್ಚುತ್ತಿದ್ದಿರಿ ಅಂತಾರಲ್ಲ ಮೇಡಂ. ಡಿಸ್ಕಿನ ವಿಚಾರ ನಿಮಗೇನಾದರೂ ಗೊತ್ತೇ?" ಎಂದರು ಹೆಡ್ಮಾಸ್ಟರು.

ನಾನು ಕಡತ ನೋಡಿದೆ. ಅಮ್ಮನ ಮುಖ ಕಣ್ಣಮುಂದೆ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆಗ ನನ್ನ ಕಣ್ಣಿಗೆ ಕಂಡದ್ದು ಆ ಕಡತ ಮಾತ್ರ. ಶಾಲೆಯ ಸಾಮಾನನ್ನು ಹೇಳದೆ ಕೇಳದೆ ಒಡೆದುಹಾಕಿದವಳು ನಾನು ಎಂದು ಗೊತ್ತಾದರೆ...

"ಗೊತ್ತಿಲ್ಲ ಸಾರ್" ಅಂದೆ.

ಮೇಷ್ಟ್ರು ಒಂದು ಕ್ಷಣ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು. ಆಮೇಲೆ ಹೆಡ್ಮಾಸ್ಟರ ಕಡೆ ತಿರುಗಿ, "ಅವ್ರಿಗೇನ್ ಗೊತ್ತು ಸಾರ್? ಕೆಟ್ಟೋಗಿದ್ವು, ನಾನೇ ಬಿಸಾಕ್‌ಬುಟ್ಟೆ" ಅಂದರು.

ಎಲ್ಲಿ ಬಿಸಾಕಿದಿರಿ ಎಂದರೆ ನೆನಪಿಲ್ಲ ಎಂದರು. ವಿಚಾರಣೆ ಎಂದರು. ಪೊಲೀಸರ ಮಾತೂ ಬಂತು. ಕೊನೆಗೆ ತಾವಾಗಿಯೇ ಕೆಲಸ ಬಿಟ್ಟರೆ ಇಲ್ಲಿಗೇ ಮುಗಿಸೋಣ ಎಂದಾಯಿತು. ಅವರು ಬರೆದುಕೊಟ್ಟರು. ಪರದೆಗಳನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಮರುದಿನ ತರಗತಿಯಲ್ಲಿ ಅಂದು ಹೆಸರಿನ ಮೊದಲಕ್ಷರ ಒತ್ತಿದ್ದ ಹುಡುಗಿಯೇ ಎದ್ದು ಕೇಳಿದಳು, "ಮಿಸ್, ಕ್ರಾಫ್ಟ್ ಮೇಷ್ಟ್ರು ಕಳ್ರಾ ಮಿಸ್?" ನಾನು ಪುಸ್ತಕ ತೆಗೆಯಿರಿ ಎಂದು ಗದರಿದೆ.

ಉಳಿ, ಗರಗಸ ಎಲ್ಲ ಚೀಲಕ್ಕೆ ತುಂಬಿಕೊಂಡು ಹೊರಟ ದಿನ ಅವರು ಪ್ರಯೋಗಶಾಲೆಯ ಬಾಗಿಲಿಗೆ ಬಂದರು. ನಾನು ತಲೆ ಎತ್ತಲಿಲ್ಲ.

"ಆ ಬೀರುಗೆ ಬೀಗ ಭದ್ರವಾಗಿ ಹಾಕ್ಕಳಿ ಮೇಡಮ್ಮೋರೇ. ಮೆಕ್ಯಾನಿಕ್ಕು ಇನ್ನೊಂದ್ಸಲ ಬಂದಾನು."

ಇಷ್ಟೇ ಹೇಳಿ ಹೋದರು. ನಾನು ಬೀಗ ಹಾಕುವುದಕ್ಕಿಂತ ಹೆಚ್ಚಿನದನ್ನೇ ಮಾಡಿದೆ. ಮಕ್ಕಳೆಲ್ಲ ಆಟದ ಬಯಲಿನಲ್ಲಿದ್ದ ಹೊತ್ತು ನೋಡಿ, ಚಿಪ್ಪು, ಬಿಲ್ಲೆ, ಅಯಸ್ಕಾಂತ ಎಲ್ಲವನ್ನೂ ಚೀಲದಲ್ಲಿ ಹೊತ್ತು ಶಾಲೆಯ ಹಿಂದಿನ ಹಾಳುಬಾವಿಗೆ ಸುರಿದೆ. ಅದರಲ್ಲಿ ಒಂದು ಅಯಸ್ಕಾಂತ ಮಾತ್ರ ನನ್ನ ಬೀಗದಕೈ ಗೊಂಚಲಿಗೆ ಅಂಟಿಕೊಂಡು ಉಳಿಯಿತು. ಕಿತ್ತು ಎಸೆಯಬಹುದಿತ್ತು... ಎಸೆಯಲಿಲ್ಲ. ಮುಂದಿನ ತಿಂಗಳು ನನ್ನ ಅನುಮೋದನೆ ಬಂತು. ಅಮ್ಮ ಬೀದಿಗೆಲ್ಲ ಸಿಹಿ ಹಂಚಿದಳು.

ಆಮೇಲೆ ಮದುವೆಯಾಗಿ ಹುಣಸೂರಿಗೆ ಬಂದೆ, ಬೇರೆ ಶಾಲೆ, ಬೇರೆ ಮಕ್ಕಳು. ಹತ್ತು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು ಕ್ರಾಫ್ಟ್ ಮೇಷ್ಟ್ರು ಹೋಗಿಬಿಟ್ಟರು ಎಂದರು. ಆ ಭಾನುವಾರವೇ ಅಯಸ್ಕಾಂತವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ಎಲ್ಲವನ್ನೂ ಹೇಳಿ, ಅದನ್ನು ಅವರ ಹೆಂಡತಿಯ ಕೈಗಿಟ್ಟು ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂತರಸಂತೆಯಲ್ಲಿ ಇಳಿದು, ಕಾಕನಕೋಟೆ ಕಾಡಿನ ಕಡೆಗೆ ಒಂದು ಮೈಲಿ ನಡೆದರೆ ಅವರ ಊರು.

ಆಯಮ್ಮ ನನ್ನ ಗುರುತು ಹಿಡಿದರು. ಕಾಫಿ ಕೊಟ್ಟರು. ಸೆರಗಿನ ತುದಿ ತಿರುವುತ್ತಾ ಕೇಳಿದರು.

"ನೀವು ಅಲ್ಲೇ ಇದ್ರಲ್ಲ ಮೇಡಮ್ಮೋರೇ, ನೀವಾದ್ರೂ ಏಳಿ. ನಮ್ಮೋರು ಆ ಸಾಮಾನ ಎತ್ಕಂಡಿದ್ರಾ? ನಂಗೆ ಒಂದ್ ಮಾತೂ ಏಳ್ನಿಲ್ಲ. ಕೇಳುದ್ರೆ ಎದ್ದು ಒಲದ ಕಡೀಕೆ ಒಂಟೋಗೋರು. ಮಗಳ ಮದ್ವೇಲೂ ಯಾರೋ ಆ ಮಾತ ಎತ್ತುದ್ರು. ಏನಂತ ಏಳ್ಲಿ ನಾನು? ನಂಗೇ ಅನ್ಮಾನ."

ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತು. ಕಟ್ಟಿಕೊಂಡವಳ ಅನುಮಾನವನ್ನು ಹೊತ್ತುಕೊಂಡೇ ಅವರು ಹೋಗಿದ್ದರು.

"ಇಲ್ಲಮ್ಮ. ಅವರು ತಗೊಂಡಿಲ್ಲ. ನನಗೆ ಚೆನ್ನಾಗಿ ಗೊತ್ತು" ಅಂದೆ.

ಅವರ ಕಣ್ಣಲ್ಲಿ ನೀರು ಬಂತು. ನನ್ನ ಎರಡೂ ಕೈ ಹಿಡಿದುಕೊಂಡರು. "ಅಂಗಾದ್ರೆ ಇನ್ಯಾರವ್ವ ಎತ್ಕಂಡಿದ್ದು?"

ನನ್ನ ಕೈ ಬಿಡಿಸಿಕೊಂಡು ಚೀಲದೊಳಕ್ಕೆ ಹಾಕಿದೆ. ಅಯಸ್ಕಾಂತ ಮನೆಯ ಬೀಗದಕೈಗಳನ್ನೆಲ್ಲ ಕಚ್ಚಿ ಹಿಡಿದುಕೊಂಡಿತ್ತು. ಎಳೆದೆ, ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದಿದ್ದರೆ ಬರುತ್ತಿತ್ತು.

"ಗೊತ್ತಿಲ್ಲಮ್ಮ" ಅಂದೆ.

ಬರುವಾಗ ಅವರು ಅದೇ ಚೀಲದ ತುಂಬ ಅವರೆಕಾಯಿ ತುಂಬಿ ಕಳಿಸಿದರು. ಮನೆಗೆ ಬಂದು ಕಾಯಿ ಸುರಿದಾಗ ಅಯಸ್ಕಾಂತ ಬೀಗದಕೈ ಸಮೇತ ತಳದಲ್ಲಿತ್ತು. ತೆಗೆದು ಫ್ರಿಜ್ಜಿಗೆ ಅಂಟಿಸಿದೆ, ಕಣ್ಣೆದುರಿಗಾದರೂ ಇರಲಿ ಎಂದು. ಕಣ್ಣೆದುರಿಗೇ ಇದ್ದದ್ದು ಕ್ರಮೇಣ ಗ್ಯಾಸಿನ ಚೀಟಿ ಹಿಡಿಯುವ ಸಾಮಾನಾಯಿತು.

ಇವತ್ತು ಬೆಳಿಗ್ಗೆ ಕೆಲಸದಾಕೆಯನ್ನು ಕೂರಿಸಿಕೊಂಡು ಅದು ಎಲ್ಲಿಂದ ಬಂತೆಂದು ಮೊದಲಿನಿಂದ ಹೇಳಿದೆ. ಅವಳು ಪೊರಕೆ ಕೆಳಗಿಟ್ಟು ಕೊನೆವರೆಗೂ ಕೇಳಿದಳು. "ಆಯಮ್ಮ ಇನ್ನೂ ಅವ್ರಾ ಅಕ್ಕ?" ಎಂದಳು.

ಇದ್ದಾರೆ. ಎಪ್ಪತ್ತು ದಾಟಿದೆಯಂತೆ, ಕಿವಿ ಮಂದವಂತೆ. ಮೇಷ್ಟ್ರು ಇಲ್ಲ, ಅವರ ಮುಂದೆ ನಿಂತು ಹೇಳುವ ಹೊತ್ತು ಎಂದೋ ಮುಗಿದುಹೋಯಿತು. ಎಚ್.ಡಿ. ಕೋಟೆಯಿಂದ ಅಂತರಸಂತೆಗೆ ಹತ್ತೂವರೆಗೆ ಒಂದು ಬಸ್ಸಿದೆ. ಅದು ನನಗೆ ಗೊತ್ತು.