ಹದಿನಾರು ಜಾಗ ಬಲ್ಲ ಹುಡುಗಿ

ಬೆಳಗಿನ ಐದೂವರೆ ಗಂಟೆ. ಸಸ್ಕಾಚೆವಾನ್ ಬಯಲಿನ ಹೆದ್ದಾರಿ ಪಕ್ಕದ ಮೋಟೆಲಿನ ಹನ್ನೊಂದನೇ ಕೋಣೆಯಿಂದ ಕಟಕ್, ಕಟಕ್ ಎಂದು ಸದ್ದು ಬರುತ್ತಿದೆ. ಕಳ್ಳರೇನಲ್ಲ. ಹತ್ತೊಂಬತ್ತರ ದಾರ್ಕಾ ಹೊಲೊವಾಟಿ ಹೊಸ ಬ್ಯಾಲೆ ಷೂವಿನ ಗಟ್ಟಿ ಮೂತಿಯನ್ನು ಬಚ್ಚಲಮನೆ ಬಾಗಿಲ ಸಂದಿಗೆ ಕೊಟ್ಟು ಒತ್ತಿ ಹದ ಮಾಡುತ್ತಿದ್ದಾಳೆ. ಒತ್ತುವುದು, ತೆಗೆದು ಬಗ್ಗಿಸಿ ನೋಡುವುದು, ಮತ್ತೆ ಒತ್ತುವುದು. ಪಕ್ಕದ ಕೋಣೆಯ ಲಾರಿ ಚಾಲಕ ಆಗಲೇ ಎರಡು ಸಲ ಗೋಡೆ ಗುದ್ದಿದ್ದಾನೆ.

"ಲೇ ದಾರ್ಕಾ, ಆ ಬಾಗಿಲು ನಿನಗೇನು ಅನ್ಯಾಯ ಮಾಡಿತ್ತೇ?" ಎಂದು ಕಂಬಳಿಯೊಳಗಿಂದಲೇ ಕೇಳುತ್ತಾಳೆ ಜೊತೆಗಾತಿ ಕೀರಾ ಒಕಿಮಾ.

"ನಿನ್ನ ಗೊರಕೆಗಿಂತ ಇದೇ ವಾಸಿ, ಮಲ್ಕೋ."

ಷೂ ಹದಕ್ಕೆ ಬಂದ ಮೇಲೆ ರಿಬ್ಬನ್ ಹೊಲಿಯುವ ಕೆಲಸ. ಅದಕ್ಕೆ ದಾರ ಬಳಸುವುದಿಲ್ಲ, ಹಲ್ಲಿನ ಸಂದಿ ಶುಚಿ ಮಾಡುವ ಎಳೆ ಬಳಸುತ್ತಾರೆ. ಎಷ್ಟು ಕುಣಿದರೂ ಅದು ಹರಿಯುವುದಿಲ್ಲ. ಹೊಲಿಯುತ್ತ ಹೊಲಿಯುತ್ತ ದಾರ್ಕಾಳ ತುಟಿ ಅಲ್ಲಾಡುತ್ತಿರುತ್ತದೆ. ಐದು, ಆರು, ಏಳು, ಎಂಟು. ಅವಳು ಎಣಿಸುತ್ತಿರುವುದು ಹೊಲಿಗೆಯನ್ನಲ್ಲ, ಹೆಜ್ಜೆಯನ್ನು.

ಮೆಡೋಲಾರ್ಕ್ ಬ್ಯಾಲೆ ತಂಡಕ್ಕೆ ಇದು ಚಳಿಗಾಲದ ತಿರುಗಾಟ. ನಲವತ್ತೊಂದು ದಿನ, ಇಪ್ಪತ್ತಮೂರು ಊರು, ಒಂದು ಬಸ್ಸು, ಸಾಮಾನು ಹೊತ್ತ ಒಂದು ಲಾರಿ. ಕಾರ್ಯಕ್ರಮದ ಹಾಳೆಯಲ್ಲಿ ದಾರ್ಕಾಳ ಹೆಸರು ಕಟ್ಟಕಡೆಗೆ, ಬೆಳಕಿನವರ ಹೆಸರಿಗಿಂತ ಸ್ವಲ್ಪ ಮೇಲೆ ಇದೆ. ತಂಡದವರ ಮಾತಿನಲ್ಲಿ ಅವಳು 'ಕವರ್'. ಕ್ರೌಂಚ ಪಕ್ಷಿಗಳ ದೃಶ್ಯದಲ್ಲಿ ಕುಣಿಯುವವರು ಹದಿನಾರು ಹುಡುಗಿಯರು, ದಾರ್ಕಾ ಹದಿನೇಳನೆಯವಳು. ಯಾರ ಕಾಲು ಉಳುಕಿದರೂ, ಯಾರಿಗೆ ಜ್ವರ ಬಂದರೂ ಆ ಜಾಗಕ್ಕೆ ಅವಳು ಹೋಗಿ ನಿಲ್ಲಬೇಕು. ಹಾಗಾಗಿ ಹದಿನಾರೂ ಜಾಗದ ದಾರಿ ಅವಳಿಗೆ ಬಾಯಿಪಾಠ. ಚೌಕಳಿ ಪುಸ್ತಕವೊಂದರಲ್ಲಿ ಹದಿನಾರು ಬಣ್ಣದ ಪೆನ್ಸಿಲ್ಲಿನಿಂದ ಹದಿನಾರು ದಾರಿ ಬರೆದಿಟ್ಟಿದ್ದಾಳೆ. ನೋಡಿದರೆ ಯಾರೋ ಮಗು ಉಣ್ಣೆಯ ಉಂಡೆ ಬಿಚ್ಚಿ ಹರಡಿದ ಹಾಗಿದೆ. ಉಳಿದವರು ಕುಣಿಯುವಾಗ ಅವಳು ಪಕ್ಕದ ಪರದೆಯ ಹಿಂದೆ ನಿಂತು, ಕೈಬೆರಳಲ್ಲೇ ಆ ಹೆಜ್ಜೆಗಳನ್ನೆಲ್ಲ ಹಾಕುತ್ತಾಳೆ.

ಕಷ್ಟವಿಲ್ಲವೇ? ಇದೆ. ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ವಿನ್ನಿಪೆಗ್‌ನ ತರಬೇತಿ ಶಾಲೆ ಸೇರಿದಳು. ಎರಡು ಸಲ ತಂಡದ ಆಯ್ಕೆಯಲ್ಲಿ ಸೋತಳು. ಈ ತಿರುಗಾಟದಲ್ಲೇ ಕಾಲುಬೆರಳಿನ ಮೂರು ಉಗುರು ಹೋಗಿವೆ. "ಉಗುರು ಮತ್ತೆ ಬರತ್ತೆ ಬಿಡಿ," ಅನ್ನುತ್ತಾಳೆ. "ಮೆಡಿಸಿನ್ ಹ್ಯಾಟ್ ಊರಲ್ಲಿ ಹೋದ ಮಾನ ವಾಪಸ್ ಬರಲ್ಲ."

ಆ ಕಥೆ ತಂಡಕ್ಕೆಲ್ಲ ಗೊತ್ತು. ರಂಗದ ಮುಂದಿನ ಅಂಚಿಗೆ ಪಟ್ಟಿ ಅಂಟಿಸಿ ಅಂಕಿ ಬರೆದಿರುತ್ತಾರೆ. ನಡುವೆ ಸೊನ್ನೆ, ಆಚೆ ಈಚೆ ಎರಡು, ನಾಲ್ಕು, ಆರು. ಅದನ್ನು ಕಡೆಗಣ್ಣಲ್ಲಿ ನೋಡಿಕೊಂಡೇ ಎಲ್ಲರೂ ಸಾಲು ಹಿಡಿಯುವುದು. ಊರೂರಿಗೂ ರಂಗದ ಅಗಲ ಬೇರೆ. ಮೆಡಿಸಿನ್ ಹ್ಯಾಟ್‌ನಲ್ಲಿ ಒಬ್ಬಳಿಗೆ ಜ್ವರ ಬಂದು ದಾರ್ಕಾ ರಂಗಕ್ಕೆ ಇಳಿದಿದ್ದಳು. ಹಿಂದಿನ ಊರಿನ ಅಗಲವೇ ತಲೆಯಲ್ಲಿ ಕೂತಿತ್ತು. ಅಂಕಿ ನೋಡದೆ ಎಂಟು ಹೆಜ್ಜೆ ಓಡಿದಳು, ನೇರ ಪರದೆಯೊಳಗೆ ಹೋದಳು. ಹೊರಗೆ ಬಂದರೆ ಸಾಲು ಕೆಡುತ್ತದೆಂದು ಅಲ್ಲೇ, ಕತ್ತಲಲ್ಲಿ, ಹದಿನಾರು ಎಣಿಕೆ ಪೂರ್ತಿ ಕುಣಿದಳು. "ನೋಡಿದ್ದು ಪರದೆ ಎಳೆಯೋ ತಾತ ಒಬ್ರೇ. ಪಾಪ, ಚಪ್ಪಾಳೆ ಹೊಡೆದ್ರು."

ಇವತ್ತು ಬಸ್ಸು ಹೊರಟಿರುವುದು ವಿಲೋ ಫೋರ್ಡ್‌ಗೆ. ದಾರ್ಕಾ ಹುಟ್ಟಿದ ಊರು ಅದು. ಐದನೇ ವಯಸ್ಸಿನಲ್ಲಿ ಉಕ್ರೇನಿಯನ್ನರ ಚರ್ಚಿನ ನೆಲಮಾಳಿಗೆಯಲ್ಲಿ, ಅಜ್ಜಿ ಪರಾಸ್ಕಾಳ ಕೈಚಪ್ಪಾಳೆಗೆ ಮೊದಲ ಹೆಜ್ಜೆ ಹಾಕಿದ್ದು ಅಲ್ಲಿ. ಅಪ್ಪ ಒರೆಸ್ಟ್ ಧಾನ್ಯದ ಉಗ್ರಾಣದಲ್ಲಿ ಕೆಲಸಗಾರ. ಮಗಳು ತಂಡ ಸೇರಿದ ಮೇಲೆ ಅವಳ ಕುಣಿತವನ್ನು ಅವನು ಒಮ್ಮೆಯೂ ನೋಡಿಲ್ಲ. ವಾರದ ಹಿಂದೆ ಫೋನ್ ಮಾಡಿದ್ದ.

"ಹನ್ನೊಂದು ಟಿಕೆಟ್ ತಗೊಂಡಿದ್ದೀನಿ ಪುಟ್ಟೀ! ಬಾತುಕೋಳಿ ಬೇಟೆಯ ದುರ್ಬೀನು ಕೂಡ ತರ್ತೀನಿ. ಎಲ್ಲಾ ಒಂದೇ ಥರ ಇರ್ತೀರಂತಲ್ಲ, ನೀನು ಯಾವುದು ಹೇಳು?"

ತನಗೆ ಜಾಗವೇ ಇಲ್ಲವೆಂದು ಅವನಿಗೆ ಅವಳು ಹೇಳಿರಲಿಲ್ಲ. ಎದುರಿನ ಮಂಚದಲ್ಲಿ ಕೀರಾ ಸೇಬು ತಿನ್ನುತ್ತಿದ್ದಳು. ದಾರ್ಕಾಳ ಬಾಯಿಂದ ಕೀರಾಳ ಜಾಗ ಬಂದುಬಿಟ್ಟಿತು: "ಎರಡನೇ ಸಾಲು ಅಪ್ಪ. ಎಡಗಡೆಯಿಂದ ಮೂರನೆಯವಳು."

ಈಗ ಬಸ್ಸಿನಲ್ಲಿ ಹದಿನಾರೂ ಹುಡುಗಿಯರು ಗುಂಡುಕಲ್ಲಿನ ಹಾಗೆ ಕೂತಿದ್ದಾರೆ. ಯಾರಿಗೂ ಒಂದು ಕೆಮ್ಮೂ ಇಲ್ಲ.

"ಬೇಕಾದ್ರೆ ನಾನೇ ಮೆಟ್ಟಿಲ ಮೇಲೆ ಜಾರ್ತೀನಿ ಮಾರಾಯ್ತಿ," ಅನ್ನುತ್ತಾಳೆ ಕೀರಾ.

"ಬಿಡ್ತು ಅನ್ನೇ! ನನ್ನ ಕಷ್ಟ ಅದೇ ನೋಡು. ನನಗೆ ಒಳ್ಳೇದಾಗ್ಲಿ ಅಂತ ಬೇಡ್ಕೊಂಡ್ರೆ ನಿಮ್ಮಲ್ಲಿ ಯಾರದೋ ಕಾಲು ಮುರಿಯತ್ತೆ. ದೇವರ ಹತ್ರ ಬಾಯೇ ಬಿಡೋ ಹಾಗಿಲ್ಲ."

ದಾರಿಯಲ್ಲಿ ಹಿಮಗಾಳಿ. ಬಸ್ಸು ವಿಲೋ ಫೋರ್ಡ್ ತಲುಪಿದಾಗ ಮೂರೂಕಾಲು. ಪುರಭವನದ ರಂಗ ತೀರಾ ಚಿಕ್ಕದು. ನಲವತ್ತು ಅಡಿ ಬೇಕಾದಲ್ಲಿ ಇರುವುದು ಇಪ್ಪತ್ತೆಂಟು. ನೃತ್ಯ ತಿದ್ದುವ ಮೇಡಂ ಜೋಸೆಲಿನ್ ಆರ್ಕಾಂಡ್‌ಗೆ ಅರವತ್ತೊಂದು ವರ್ಷ. ಕೋಲು ಹಿಡಿಯುವುದು ನಡೆಯಲಿಕ್ಕಲ್ಲ, ನೆಲ ಕುಟ್ಟಲಿಕ್ಕೆ. ಅವರು ಕೋಲಿನಿಂದಲೇ ರಂಗ ಅಳೆದು ಹೇಳಿದರು: "ಹದಿನಾರು ಹಿಡಿಸಲ್ಲ. ಹನ್ನೆರಡೇ. ನಾಲ್ಕು ಜನ ಹೊರಗೆ."

ಹದಿನಾರರಲ್ಲೇ ನಾಲ್ವರು ಹೊರಗೆ ಅಂದ ಮೇಲೆ ಹದಿನೇಳನೆಯವಳ ಗತಿ? ದಾರ್ಕಾ ಪರದೆಯ ಪಕ್ಕ ಚೌಕಳಿ ಪುಸ್ತಕ ಅವುಚಿಕೊಂಡು ನಿಂತಳು.

ಹನ್ನೆರಡು ಜನ ಒಂದು ಸಲ ಓಡಿ ನೋಡಿದರು. ಏಳನೆಯವಳು ಒಂಬತ್ತನೆಯವಳಿಗೆ ಡಿಕ್ಕಿ, ನಾಲ್ಕನೆಯವಳ ಎದುರಿಗೆ ಯಾರೂ ಇಲ್ಲ. ಶಾಲೆ ಬಿಟ್ಟಾಗ ಬಾಗಿಲಲ್ಲಿ ಆಗುವ ಗದ್ದಲ. ಬೆಳಕಿನವರು ಗಡಿಯಾರ ತೋರಿಸಿದರು: ರಂಗ ಇನ್ನು ನಲವತ್ತೇ ನಿಮಿಷ ನಿಮ್ಮದು. ಮೇಡಂ ಹಾಳೆಯ ಮೇಲೆ ಬರೆದು ಹೊಡೆದು, ಬರೆದು ಹೊಡೆದು, ಕೊನೆಗೆ ಹಾಳೆಯನ್ನೇ ಮುದುಡಿದರು.

"ಮೇಡಂ," ಅಂದಳು ದಾರ್ಕಾ ಪಕ್ಕದಿಂದ. "ಏಳನೆಯವಳು ಹೊರಸುತ್ತಿನಲ್ಲಿ ಬರ್ಲಿ, ಒಂಬತ್ತು ಅವಳ ದಾರಿ ಹಿಡೀಲಿ. ಆಗ ಹನ್ನೊಂದು ಹಿಂದಿನಿಂದ ಸುತ್ತಿ ಬಂದ್ರೆ ನಾಲ್ಕರ ಎದುರಿಗೆ ಸರಿಯಾಗಿ ಸಿಗ್ತಾಳೆ."

ಮೇಡಂ ತಿರುಗಿ ನೋಡಿದರು. "ಆಮೇಲೆ?"

ಆಮೇಲೆ ಅವಳು ನಿಲ್ಲಲೇ ಇಲ್ಲ. ಪುಸ್ತಕ ತೆರೆಯಲೂ ಇಲ್ಲ. ಒಬ್ಬೊಬ್ಬರ ಭುಜ ಹಿಡಿದು ನಿಲ್ಲಿಸಿದಳು, ಇಲ್ಲಿಂದ ಆರು ಹೆಜ್ಜೆ, ಅಲ್ಲಿಗೆ ನಾಲ್ಕು, ನಿನಗೆ ಅಂಕಿ ಎರಡು, ನಿನಗೆ ಸೊನ್ನೆ. ತಾನೇ ಮುಂದೆ ಓಡಿ ತೋರಿಸಿದಳು. ಇಪ್ಪತ್ತಾರನೇ ನಿಮಿಷಕ್ಕೆ ಹನ್ನೆರಡು ಕ್ರೌಂಚಗಳು ನಾಲ್ಕು ನಾಲ್ಕರ ಮೂರು ಸಾಲಾಗಿ, ಒಂದರ ರೆಕ್ಕೆ ಒಂದಕ್ಕೆ ತಾಗದಂತೆ ಇಳಿದು ನಿಂತವು.

"ಕೊನೇ ಸಾಲಿನ ಬಲತುದಿ?" ಕೇಳಿದರು ಮೇಡಂ. ಅಲ್ಲಿದ್ದ ಹುಡುಗಿ ಅಭ್ಯಾಸದಲ್ಲಿ ಎರಡು ಸಲ ದಾರಿ ತಪ್ಪಿದ್ದಳು. ಎಲ್ಲರೂ ತಿರುಗಿದಾಗ ಆ ತುದಿಯೇ ತಲೆಯಾಗುತ್ತದೆ, ಉಳಿದ ಹನ್ನೊಂದು ಜನ ಅವಳ ಬೆನ್ನು ಹಿಡಿಯುತ್ತಾರೆ.

"ಅದು ತುಂಬಾ ತಿರುವು ಇರೋ ದಾರಿ ಮೇಡಂ. ಇನ್ನೊಂದ್ಸಲ ಹೇಳಿಕೊಡ್ತೀನಿ..."

"ಏನು ಹೇಳಿಕೊಡ್ತೀಯ? ದಾರಿ ಗೊತ್ತಿರೋಳು ಹೊರಗೆ ನಿಂತು, ಗೊತ್ತಿಲ್ಲದೋಳು ಒಳಗೆ ಕುಣಿಯೋದಾ? ಹೋಗು, ಗರಿಟೊಪ್ಪಿ ಹಾಕ್ಕೋ." ಅವಳು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಕೋಲು ಕುಟ್ಟಿತು. "ಮತ್ತೆ ಬಾಯಿ, ದಾರ್ಕಾ, ಬಾಯಿ! ಎಣಿಸೋದು ಮನಸ್ಸಲ್ಲಿ. ತುಟಿ ಯಾಕೆ ಅಲ್ಲಾಡ್ಬೇಕು?"

ಜಾಗ ಬಿಟ್ಟುಕೊಟ್ಟ ಹುಡುಗಿ ಅತ್ತಳೇ? ಇಲ್ಲ. ಹೊರಗುಳಿದ ನಾಲ್ವರನ್ನೂ ಕರೆದುಕೊಂಡು ಚರ್ಚಿನ ನೆಲಮಾಳಿಗೆಯ ಊಟಕ್ಕೆ ಹೋದಳು, ಒಬ್ಬೊಬ್ಬರೂ ಹದಿನಾಲ್ಕು ಪೆರೋಗಿ ತಿಂದು ಬಂದರು. ಆಲೂಗಡ್ಡೆ ಹೂರಣದ ಬಿಸಿ ಕಡುಬು, ಮೇಲೆ ಹುರಿದ ಈರುಳ್ಳಿ. ಐದು ವಾರದಲ್ಲಿ ಮೊದಲ ಬಿಸಿ ಊಟವಂತೆ.

ಏಳು ಗಂಟೆಗೆ ಭವನ ಭರ್ತಿ. ಹುಬ್ಬಿನವರೆಗೆ ಇಳಿದ ಬಿಳಿ ಗರಿಟೊಪ್ಪಿಯಲ್ಲಿ ಹನ್ನೆರಡು ಮುಖವೂ ಒಂದೇ ಮುಖ. ಹನ್ನೊಂದು ನಿಮಿಷದ ದೃಶ್ಯ. ಎಲ್ಲರೂ ತಿರುಗಿದ ಗಳಿಗೆಯಲ್ಲಿ ದಾರ್ಕಾ ಮುಂದೆ, ಹನ್ನೊಂದು ಜನ ಹಿಂದೆ. ಬೆನ್ನ ಹಿಂದೆ ಷೂಗಳ ಮೆತ್ತನೆ ಟಪಟಪ ಒಂದೇ ಸದ್ದಾಗಿ ಕೇಳುತ್ತಿದೆ. "ಅದನ್ನು ಕೇಳಿದಾಗ ನಗು ತಡೆಯೋಕೇ ಆಗ್ಲಿಲ್ಲ," ಅನ್ನುತ್ತಾಳೆ. "ಕ್ರೌಂಚ ನಗಬಾರದು. ನಕ್ಕುಬಿಟ್ಟೆ."

ಆಟ ಮುಗಿದ ಮೇಲೆ ಒರೆಸ್ಟ್ ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪೆರೋಗಿಯ ಡಬ್ಬಿ ಹಿಡಿದು ಹಿಂಬಾಗಿಲಿಗೆ ಬಂದ. ಕಣ್ಣು ಕೆಂಪಾಗಿತ್ತು. "ಎರಡನೇ ಸಾಲು, ಎಡದಿಂದ ಮೂರು! ಒಂದು ಕ್ಷಣಾನೂ ಕಣ್ಣು ತೆಗೀಲಿಲ್ಲ ಪುಟ್ಟೀ. ಎಷ್ಟು ಚೆನ್ನಾಗಿ ಕುಣಿದೆ! ನಾನು ಅತ್ತೇಬಿಟ್ಟೆ."

ಆ ಜಾಗದಲ್ಲಿ ಕುಣಿದಿದ್ದ ಕೀರಾ ಹಿಂದೆಯೇ ನಿಂತಿದ್ದಳು. ಸೆರಗಿಲ್ಲದ ಹುಡುಗಿ, ನಗು ತಡೆಯಲು ಕೋಟಿನ ತೋಳನ್ನೇ ಬಾಯಿಗೆ ತುರುಕಿಕೊಂಡಳು. ದಾರ್ಕಾ ಅಪ್ಪನ ಮುಖ ನೋಡಿದಳು, ಪೆರೋಗಿಯ ಡಬ್ಬಿ ಇಸಿದುಕೊಂಡಳು. "ಹೂಂ ಅಪ್ಪ. ಥ್ಯಾಂಕ್ಸ್ ಅಪ್ಪ."

ಅಷ್ಟರಲ್ಲಿ ಅಜ್ಜಿ ಪರಾಸ್ಕಾ ಅವಳ ಕಿವಿಯನ್ನು ಹತ್ತಿರ ಎಳೆದುಕೊಂಡಳು. "ಕೊನೇ ಸಾಲು, ಬಲಗಡೆ ಮೂಲೆ. ನಿಮ್ಮಪ್ಪನಿಗೆ ಹೇಳ್ಬೇಡ, ಪಾಪ. ಅವನ ಕೈಯಿಂದ ದುರ್ಬೀನು ಕಿತ್ಕೊಂಡು ಒಂದೇ ನಿಮಿಷ ನೋಡಿದೆ, ಗೊತ್ತಾಯ್ತು."

ಸಂತೋಷಪಡಬೇಕಾದವಳು ಗಾಬರಿಯಾದಳು. ಸಾಲಿನಲ್ಲಿ ಕುಣಿಯುವವಳನ್ನು ಯಾರಾದರೂ ಗುರುತಿಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. "ಅಯ್ಯೋ ಅಜ್ಜಿ! ಏನು ತಪ್ಪು ಮಾಡ್ದೆ? ಕೈಯಾ? ಕಾಲಾ?"

"ಎಂಥ ಕೈ, ಎಂಥ ಕಾಲು. ತುಟಿ ಕಣೇ! ಐದು ವರ್ಷದೋಳಿದ್ದಾಗ ನೆಲಮಾಳಿಗೆಯಲ್ಲಿ ಹೇಗೆ ಎಣಿಸ್ತಿದ್ದೆಯೋ, ಇವತ್ತೂ ಹಾಗೇ."

ಮರುದಿನ ಬೆಳಗಿನ ಐದೂವರೆ, ಇನ್ನೊಂದು ಬಚ್ಚಲ ಬಾಗಿಲು, ಕಟಕ್, ಕಟಕ್. ಮುಂದಿನ ವರ್ಷ ತಂಡದಲ್ಲಿ ಏನಾಗಬೇಕೆಂದಿದ್ದೀಯ ಎಂದರೆ ದಾರ್ಕಾ ರಿಬ್ಬನ್ನಿನಿಂದ ತಲೆ ಎತ್ತುವುದಿಲ್ಲ.

"ದೊಡ್ಡದೇನಿಲ್ಲ. ಅಪ್ಪನಿಗೆ ಗುರುತು ಸಿಗದ ಹಾಗೆ ಕುಣಿದಾಯ್ತು. ಬಾಯಿ ಮುಚ್ಚಿ ಎಣಿಸೋದು ಕಲಿತರೆ ಅಜ್ಜಿಗೂ ಸಿಗಲ್ಲ." ಎಳೆಯನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸುತ್ತಾಳೆ. ಮತ್ತೆ ಸೂಜಿ ಚುಚ್ಚುತ್ತಾಳೆ. ತುಟಿ ಅಲ್ಲಾಡತೊಡಗುತ್ತದೆ.