ಹೆಸರಿನ ಕೊನೆಯ ‘ಅಪ್ಪ’

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಜವಾನ ಕಾಶಪ್ಪನವರು ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು, ಬಿಳಿ ಅಂಗಿಯ ಕೊರಳ ಗುಂಡಿ ಹಾಕಿಕೊಂಡು, ಒಮ್ಮೆ ಕೆಮ್ಮಿ, ಕಕ್ಷಿದಾರರ ಹೆಸರು ಕೂಗುವ ಪುಕಾರು ಶುರು ಮಾಡುತ್ತಿದ್ದರು. ಬೇವಿನ ಮರದ ಕೆಳಗಿನ ಚಹಾದವನೂ ಕೈ ನಿಲ್ಲಿಸಿ ಕೇಳುವಂಥ ಕಂಠ. ಬೇರೆ ಕಡೆ ಜವಾನರು ಹೆಸರನ್ನು ಎಸೆದು ಒಳಗೆ ಹೋಗಿಬಿಡುತ್ತಾರೆ. ಇವರು ಕೂಗಿದರೆ ಮದುವೆಗೆ ಕರೆದ ಹಾಗಿರುತ್ತಿತ್ತು. ‘ನಾಗಮ್ಮನವರು ತಂದಿ ಬಸವಂತಪ್ಪನವರು, ಹಾಜರ್ ಅದೀರೇನ್ರಿ?’ ಹೀಗೆ ಮೂರು ಸಲ. ವಾದಿಯಾಗಲಿ, ಜೂಜಾಡಿ ಸಿಕ್ಕಿಬಿದ್ದವನಾಗಲಿ, ಮರ್ಯಾದೆ ಒಂದೇ.

ನಾನು ಸೇಡಂನಿಂದ ಬಸ್ಸಿನಲ್ಲಿ, ಅವರು ವಾಡಿಯಿಂದ ರೈಲಿನಲ್ಲಿ ಆ ಕೋರ್ಟಿಗೆ ಬರುತ್ತಿದ್ದೆವು. ಆಗ ನಾನು ಹೊಸ ವಕೀಲೆ. ಕರಿ ಕೋಟಿನ ಇಸ್ತ್ರಿಗಿಂತ ನನ್ನ ಜಂಬ ಬಿರುಸಾಗಿತ್ತು. ಮೊದಲ ದಿನವೇ ನನ್ನ ತಂದೆಯ ವಯಸ್ಸಿನ ಅವರಿಗೆ ‘ಏ ಕಾಶಪ್ಪ, ಆ ಫೈಲ್ ತಗೊಂಡ್ ಬಾ’ ಎಂದಿದ್ದೆ. ನಮ್ಮ ಅಜ್ಜ ಗುಡಿಯ ಪೂಜೆ ಮಾಡುತ್ತಿದ್ದವರು, ಮನೆಯಲ್ಲಿ ಮಡಿ ಆಚಾರಕ್ಕೆ ಕೊರತೆಯಿರಲಿಲ್ಲ. ಆದರೆ ಅಂಗಳದ ಕೆಲಸಕ್ಕೆ ಬಂದ ಹಿರಿಯರನ್ನು ಮಕ್ಕಳಾದ ನಾವೂ ಏಕವಚನದಲ್ಲೇ ಕರೆಯುತ್ತಿದ್ದೆವು. ಕಾಶಪ್ಪನವರು ಫೈಲ್ ತಂದು, ‘ತಗೋರಿ ಬಾಯಾರ, ನೋಡ್ರಿ, ಇನ್ನೇನರೆ ಬೇಕಾದ್ರ ಹೇಳ್ರಿ’ ಎಂದರು. ಒಂದು ಮಾತಿನಲ್ಲಿ ಮೂರು ‘ರಿ’. ಅವರು ನನಗೆ ಪಾಠ ಹೇಳಿದರೆಂದು ತಿಳಿಯಲು ನನಗೆ ಒಂದು ವಾರವೇ ಬೇಕಾಯಿತು.

ಮಧ್ಯಾಹ್ನ ವರಾಂಡದಲ್ಲಿ ರೊಟ್ಟಿ ಪುಂಡಿಪಲ್ಯದ ಗಂಟು ಬಿಚ್ಚಿದರೆ ಅವರ ಅಭಿಪ್ರಾಯಗಳೂ ಬಿಚ್ಚಿಕೊಳ್ಳುತ್ತಿದ್ದವು. ‘ಹಾಜರ್ ಅನ್ನೋದು ಕನ್ನಡವಲ್ಲ, ಬಿಟ್ಟುಬಿಡಿ’ ಎಂದು ಒಬ್ಬ ವಕೀಲರು ಹೇಳಿದಾಗ ಅವರು ತುತ್ತು ನುಂಗಿ ಅಂದದ್ದು: ‘ನಮ್ಮ ಅಜ್ಜ ಮುತ್ತಜ್ಜ ಅದೇ ಶಬ್ದಕ್ಕ ಓಗೊಟ್ಟಾರರಿ. ಅದನ್ನ ಹೊರಗ ಹಾಕಿದ್ರ ಅವರ್ನೂ ಹೊರಗ ಹಾಕ್ದಂಗ ಆಗ್ತದ.’ ಊರಿಗೆ ಬಂದ ಹುಡುಗರ ಬಗ್ಗೆ: ‘ಎಂಟು ದಿನ ಬೆಂಗಳೂರು ಕಂಡು ಬಂದು ಬನ್ನಿ, ಕೂತ್ಕೊಳ್ಳಿ ಅಂತಾವ. ಬರ್ರಿ, ಕುಂದ್ರಿ ಅನ್ಲಿಕ್ಕ ನಾಲಗಿಗಿ ಏನ್ ಮುಳ್ಳು ಚುಚ್ತದ?’ ಮದುವೆ ಕಾರ್ಡು ಕೈಗೆ ಬಂದರೆ ಮೊದಲು ತಾಯಂದಿರ ಹೆಸರು ಹುಡುಕುತ್ತಿದ್ದರು. ‘ನೋಡ್ರಿ, ಕಾಕಾಗ ಇಷ್ಟು ದಪ್ಪ ಅಕ್ಷರ, ಹಡೆದಾಕಿಗೆ ಇರುವಿ ಕಾಲಿನಷ್ಟು.’ ಎಲ್ಲವನ್ನೂ ಒಪ್ಪಲಾಗುತ್ತಿರಲಿಲ್ಲ. ಜೋಳದ ರೊಟ್ಟಿ ಬಿಟ್ಟವರ ದನಿ ಸಣ್ಣದಾಗುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ನನ್ನ ದನಿ ಜಡ್ಜ್ ಸಾಹೇಬರಿಗೆ ಕೇಳಿಸದಿದ್ದಾಗಲೆಲ್ಲ ನಮ್ಮ ಮನೆಯ ಅನ್ನವನ್ನು ಬೈಯುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಅವರು ನಗುತ್ತಿರಲಿಲ್ಲ. ಅದು ಹೆಸರಿನ ಕೊನೆಯ ‘ಅಪ್ಪ’. ‘ಊರಾಗಿನಾಂವ ಮಲ್ಲಪ್ಪ, ನಮ್ಮ ಓಣ್ಯಾಗಿನಾಂವ ಮಲ್ಲ್ಯಾ. ಒಂದೇ ದೇವರ ಹೆಸರು, ಒಂದೇ ದಿನ ಹುಟ್ಟಿದ ಕೂಸು. ನಮ್ಮ ಓಣ್ಯಾಗ ಯಾರಿಗೂ ಅಪ್ಪ ಇರಲಿಲ್ರಿ ಬಾಯಾರ, ಬರೇ ಯಾ.’ ಅದಕ್ಕೇ ಪಟ್ಟಿಯಲ್ಲಿ ‘ಯಾ’ ಎಂದಿದ್ದ ಹೆಸರಿಗೆಲ್ಲ ಅವರು ಬಾಗಿಲಲ್ಲಿ ನಿಂತು ‘ಅಪ್ಪ’ ಸೇರಿಸಿ ಕೂಗುತ್ತಿದ್ದರು. ಅದು ವರ್ಷಗಟ್ಟಲೆ ನಡೆಯಿತು, ಯಾರೂ ಕೇಳಲಿಲ್ಲ.

ಒಂದು ದಿನ ಅದೇ ಕುತ್ತಾಯಿತು. ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಒಡೆದು ಬೆನ್ನು ಬಾಗಿದ ಮುದುಕರೊಬ್ಬರು ನನ್ನ ಕಕ್ಷಿದಾರರು. ಅವರ ಮನೆಯ ಜಾಗವನ್ನು ಪಕ್ಕದವನು ಒತ್ತಿಕೊಂಡಿದ್ದ. ರೇಷನ್ ಕಾರ್ಡಿನಲ್ಲಿ ಇದ್ದಂತೆ ನಾನು ದಾವೆಯಲ್ಲಿ ‘ಲಚ್ಮ್ಯಾ ತಂದೆ ಮರ್ಯಾ’ ಎಂದು ಬರೆದಿದ್ದೆ. ಅಂದು ನಾನು ಪಕ್ಕದ ಹಾಲಿನಲ್ಲಿ ಇನ್ನೊಂದು ಕೇಸಿಗೆ ನಿಂತಿದ್ದೆ. ಮುಗಿಸಿ ಬರುವಷ್ಟರಲ್ಲಿ ಇಲ್ಲಿ ಪುಕಾರು ಆಗಿ, ವಾದಿ ಗೈರುಹಾಜರೆಂದು ದಾವೆ ವಜಾ ಆಗಿತ್ತು. ಓಡಿ ಹೊರಗೆ ಬಂದೆ. ಮುದುಕರು ಬೇವಿನ ಕೆಳಗೆ ಬೆಳಗಿನಿಂದ ಕೂತಲ್ಲೇ ಕೂತಿದ್ದರು.

‘ನಮ್ಮ ಪುಕಾರು ಇನ್ನಾ ಆಗಿಲ್ರಿ ಬಾಯಾರ’ ಎಂದರು. ‘ಯಾರೋ ಲಕ್ಷ್ಮಣಪ್ಪನವರು ಅಂತ ದೊಡ್ಡ ಮಂದೀನ್ನ ಮೂರು ಸಲ ಕರದ್ರು. ಅವರೂ ಬರಲಿಲ್ಲ ನೋಡ್ರಿ.’

ನನ್ನ ಹಿಂದೆಯೇ ಬಂದಿದ್ದ ಕಾಶಪ್ಪನವರು ಅದನ್ನು ಕೇಳಿ ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ಅಂದರು, ‘ಅರ್ಜಿ ಬರೀರಿ ಬಾಯಾರ. ಜವಾನ ತಪ್ಪು ಹೆಸರು ಕೂಗ್ಯಾನ ಅಂತ ಬರೀರಿ.’

‘ನಿಮ್ಮ ನೌಕರಿಗಿ ಪೆಟ್ಟು ಬೀಳ್ತದರಿ.’

‘ಬೀಳ್ಲಿ. ನಂದು ಬರೇ ನೌಕರಿ. ಅವರದು ಮನಿ ಅದ.’

ಅವರೊಬ್ಬರ ತಲೆಗೇ ಎಲ್ಲವನ್ನೂ ಕಟ್ಟಿ ನಾನು ಪಾರಾಗಬಹುದಿತ್ತು. ಆ ಯೋಚನೆ ಬಂದದ್ದೂ ಸುಳ್ಳಲ್ಲ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಡೆಗೆ ನಾನು ಹಾಜರಿರದ ತಪ್ಪನ್ನೂ ಸೇರಿಸಿಯೇ ಅರ್ಜಿ ಬರೆದೆ. ಕಾಶಪ್ಪನವರು ಸಾಹೇಬರ ಮುಂದೆ ಕೈಕಟ್ಟಿ ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದರು. ಸಾಹೇಬರು ದಾವೆಯನ್ನು ಮತ್ತೆ ಪಟ್ಟಿಗೆ ತೆಗೆದುಕೊಂಡರು. ಕಾಶಪ್ಪನವರಿಗೆ ಮಾತ್ರ, ಇನ್ನು ಮುಂದೆ ಕಾಗದದಲ್ಲಿ ಇದ್ದಷ್ಟೇ ಕೂಗಬೇಕೆಂದು ಖಡಕ್ಕಾಗಿ ಹೇಳಿದರು.

ಮರುದಿನದಿಂದ ಕಾಶಪ್ಪನವರು ಅರ್ಧ ಗಂಟೆ ಮೊದಲೇ ಪಟ್ಟಿ ಹಿಡಿದು ವರಾಂಡಕ್ಕೆ ಬರತೊಡಗಿದರು. ‘ಯಾ’ ಇದ್ದವರನ್ನು ಒಬ್ಬೊಬ್ಬರನ್ನೇ ಹುಡುಕಿ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಿದ್ದರು: ‘ಲಕ್ಷ್ಮಣಪ್ಪನವರೆ, ಕಾಗದದಾಗ ಲಚ್ಮ್ಯಾ ಅಂತ ಅದರಿ. ನಾ ಹಂಗೇ ಕೂಗಬೇಕಾಗ್ತದ. ಅದು ನಾ ಅನ್ನೂದಲ್ಲ, ಕಾಗದ ಅನ್ನೂದು. ಬ್ಯಾಸರ ಮಾಡ್ಕೋಬ್ಯಾಡ್ರಿ.’ ಆಮೇಲೆ ಬಾಗಿಲಿಗೆ ಹೋಗಿ ಕಾಗದದಂತೆ ಕೂಗುತ್ತಿದ್ದರು. ಕಂಠ ಅದೇ, ಆದರೆ ಮೊದಲಿನ ಏರು ಇರಲಿಲ್ಲ. ನಾನೂ ಅಂದಿನಿಂದ ಕಕ್ಷಿದಾರರ ಹೆಸರನ್ನು ಕಾರ್ಡು ನೋಡಿ ಇಳಿಸಿಕೊಳ್ಳುವ ಮೊದಲು, ನಿಮ್ಮನ್ನು ಏನೆಂದು ಬರೆಯಲಿ ಎಂದು ಕೇಳತೊಡಗಿದೆ.

ಅವರು ನಿವೃತ್ತರಾದ ಮೂರನೆಯ ವರ್ಷ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಸಿಕ್ಕರು. ಮೈ ಇಳಿದು ಅಂಗಿ ದೊಡ್ಡದಾಗಿತ್ತು. ‘ಬರ್ರಿ ಬಾಯಾರ, ಕುಂದ್ರಿ’ ಎಂದು ಸರಿದು ಜಾಗ ಮಾಡಿಕೊಟ್ಟರು. ಅಷ್ಟರಲ್ಲಿ ಬಾಗಿಲಲ್ಲಿದ್ದ ಹುಡುಗಿ ಚೀಟಿ ನೋಡಿ ಕೂಗಿದಳು: ‘ಕಾಶ್ಯಾ. ಕಾಶ್ಯಾ ಯಾರು?’

ಕಾಶಪ್ಪನವರು ಮೊಣಕಾಲ ಮೇಲೆ ಕೈಯೂರಿ ಏಳತೊಡಗಿದರು.

ನಾನು ಅವರ ಮುಖವನ್ನೇ ನೋಡಿದೆ. ‘ನಂದೇರಿ’ ಎಂದರು. ‘ಸಾಲಿಗಿ ಹಾಕುಮುಂದ ಮಾಸ್ತರು ಹಂಗ ಬರದಾರ. ಸರ್ವಿಸ್ ಬುಕ್ಕಿನಾಗ, ಆಧಾರದಾಗ, ಎಲ್ಲಾ ಕಡಿ ಅದೇ ಬಂದದ.’

‘ನನಗ ಒಂದು ಮಾತು ಹೇಳಿದ್ರ ತಿದ್ದಿಸ್ತಿದ್ದೆನಲ್ರಿ.’

‘ಮಂದೀದು ಕೂಗೂದ್ರಾಗ ನಮ್ಮದು ಹಂಗೇ ಉಳೀತ್ರಿ’ ಎಂದು ಸಣ್ಣಗೆ ನಕ್ಕರು.

ಅವರ ಭುಜ ಹಿಡಿದು ಮತ್ತೆ ಕೂರಿಸಿ ತಂದೆಯ ಹೆಸರು ಕೇಳಿದೆ. ‘ಶಿವ್ಯಾ ಅಂತಿದ್ರು’ ಎಂದರು. ನಾನು ಎದ್ದು ಹೋಗಿ ಆ ಹುಡುಗಿಯ ಪಕ್ಕದಲ್ಲಿ ನಿಂತು, ಒಮ್ಮೆ ಕೆಮ್ಮಿ, ನನ್ನ ಸಣ್ಣ ದನಿಯನ್ನು ಆದಷ್ಟು ಏರಿಸಿ ಕೂಗಿದೆ: ‘ಕಾಶಪ್ಪನವರು ತಂದಿ ಶಿವಪ್ಪನವರು, ಹಾಜರ್ ಅದೀರೇನ್ರಿ?’

ಬೆಂಚಿನವರೆಲ್ಲ ತಿರುಗಿ ನೋಡಿದರು. ಎರಡನೆಯ ಸಲ ಕೂಗಿದಾಗ ಅವರು ಕೊರಳ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೂರನೆಯ ಸಲಕ್ಕೆ ಎದ್ದು ನಿಂತು, ‘ಹಾಜರ್ ಅದೀನ್ರಿ’ ಎಂದು ಓಗೊಟ್ಟು ಒಳಗೆ ಹೋದರು.