ನಲವತ್ತನೆಯ ಗುಂಡುಸೂಜಿ

ಡಬ್ಬಿಯಲ್ಲಿ ಮೂವತ್ತೊಂಬತ್ತೇ ಇದ್ದವು. ನಾಲ್ಕು ದಿನದಿಂದ ಎಷ್ಟು ಸಲ ಎಣಿಸಿದರೂ ಅಷ್ಟೇ. ಇರಬೇಕಾದದ್ದು ನಲವತ್ತು ಗುಂಡುಸೂಜಿ, ಒಂದೊಂದರ ತಲೆಗೂ ಸಾಸಿವೆಯಷ್ಟು ಬಿಳಿ ಮಣಿ. ಬುಧವಾರ ಬೆಳಿಗ್ಗೆ ನೋಡಿದರೆ ಒಂದು ಮಾಯ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಒಂಬತ್ತು ತಿಂಗಳ ಮಗಳು ಅದೇ ನೆಲದ ಮೇಲೆ ಅಂಬೆಗಾಲಿಡುತ್ತಿರುವಾಗ, ತಾಯಿಯಾದವಳಿಗೆ ತುತ್ತು ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಹಾಳಾದ ರೇಡಿಯೋದಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ, ಎರಡೂ ಕೋಣೆಗಳ ನೆಲವನ್ನು ಅಂಗುಲ ಅಂಗುಲವಾಗಿ ಜಾಲಾಡಿದಳು. ಮಂಚದ ಕೆಳಗೆ ಎರಡು ಹೇರ್‌ಪಿನ್ನು, ಬೀರುವಿನ ಕಳೆದುಹೋಗಿದ್ದ ಬೀಗದ ಕೈ, ಕಣ್ಣಿಗೆ ಬೀಳದಷ್ಟು ಸಣ್ಣ ಸ್ಕ್ರೂ ಒಂದು ಸಿಕ್ಕಿದವು. ಅವನ್ನೂ ಡಬ್ಬಿಗೆ ಹಾಕಿದಳು. ಸೂಜಿ ಸಿಗಲಿಲ್ಲ.

"ಸೂಜಿ ಯಾರಿಗೂ ಚುಚ್ಚಲಿಲ್ಲ. ನೀನಂತೂ ನಾಲ್ಕು ದಿನದಿಂದ ಬಿಡದೆ ಚುಚ್ತಾ ಇದೀಯ," ಎಂದು ಹೇಳಿ ಗಂಡ ಬಸ್ಸು ಓಡಿಸುವ ಪಾಳಿಗೆ ಹೊರಟುಹೋಗಿದ್ದ.

ಅವನಿಗೇನು ಗೊತ್ತು? ಅವಳು ಎಂಟು ವರ್ಷ ಬಟ್ಟೆ ಫ್ಯಾಕ್ಟರಿಯ ಚೆಕಿಂಗ್ ಮೇಜಿನ ಮುಂದೆ ನಿಂತವಳು. ಕಾಲರಿನ ಮೂಲೆ ಕೂದಲೆಳೆಯಷ್ಟು ಆಚೀಚೆಯಾದರೂ ಅಂಗಿಯನ್ನು ವಾಪಸ್ ಕಳಿಸುತ್ತಿದ್ದಳು. ಅವಳಿಗೆ ಅಲ್ಲಿ ‘ಮಿಲಿಮೀಟರ್’ ಎಂದೇ ಹೆಸರು. "ಮಿಲಿಮೀಟರ್ ಬಂದ್ಲು, ಉಸಿರು ಬಿಗಿ ಹಿಡೀರಿ," ಎಂದು ಹೊಲಿಯುವವರು ಅವಳ ಕಿವಿಗೆ ಬೀಳುವಂತೆಯೇ ನಗುತ್ತಿದ್ದರು. ಏಳು ತಿಂಗಳ ಬಸಿರಿಯಾಗಿ ಆ ಮೇಜು ಬಿಟ್ಟವಳು ಈಗ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಹಾಲಿನ ಬಾಟಲಿಯ ಅಳತೆ ನೋಡುತ್ತಿದ್ದಾಳೆ. ಮಂಚಕ್ಕೂ ಹೊಲಿಗೆ ಮಿಷನ್ನಿಗೂ ನಡುವೆ ಒಬ್ಬರು ಅಡ್ಡಡ್ಡವಾಗಿ ಹಾಯುವಷ್ಟೇ ದಾರಿ.

ಮಂಗಳವಾರ ಹಳೆಯ ಸೂಪರ್‌ವೈಸರ್ ಅಕ್ಕ ಫೋನ್ ಮಾಡಿದ್ದಳು. "ಸ್ಯಾಂಪಲ್ ರೂಮಲ್ಲಿ ಒಂದು ಜಾಗ ಖಾಲಿ ಆಗಿದೆ ಕಣೇ. ನಿನಗೇ ಅಂತ ಹಿಡಿದಿಟ್ಟಿದೀನಿ. ಶನಿವಾರ ಸಾಯಂಕಾಲ ಐದರೊಳಗೆ ಹೇಳು. ಆಮೇಲೆ ನನ್ನ ಕೈಲಿಲ್ಲ."

ಅವತ್ತೇ ಮಧ್ಯಾಹ್ನ ಪೆಟ್ಟಿಗೆಯ ತಳದಿಂದ ಕಡುನೀಲಿ ಬಟ್ಟೆ ಹೊರಬಂತು. ಕೆಲಸಕ್ಕೆ ಹೋಗುವ ಮೊದಲ ದಿನಕ್ಕೆ ತಾನೇ ಹೊಲಿದ ಉಡುಪು ಬೇಕೆಂದು ಅವಳಿಗೆ ಆಸೆ. ಅಳತೆಯ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅದನ್ನು ತನ್ನ ಸೊಂಟಕ್ಕೆ ಸುತ್ತಿ ನೋಡಲು ಮಾತ್ರ ಧೈರ್ಯ ಬರಲಿಲ್ಲ. ಹೆರಿಗೆಗೆ ಮುಂಚಿನ ಅಳತೆ ಬಾಯಿಪಾಠವಿತ್ತು. ಅದನ್ನೇ ಹಾಕಿ ಕತ್ತರಿಸಿಬಿಟ್ಟಳು. ಮರುದಿನ ಸೂಜಿ ಕಳೆಯಿತು. ‘ಸೂಜಿ ಸಿಗಲಿ, ಆಮೇಲೆ ಫೋನ್ ಮಾಡ್ತೀನಿ’ ಎಂದುಕೊಂಡಳು. ಗುರುವಾರವೂ ಹಾಗೆಯೇ ಅಂದುಕೊಂಡಳು, ಶುಕ್ರವಾರವೂ. ನೆಲದ ಮೇಲೆ ಸೂಜಿ ಬಿಟ್ಟು ಯಾವ ತಾಯಿ ಮನೆಯಿಂದಾಚೆ ಕಾಲಿಡುತ್ತಾಳೆ?

ಮಗು ಹುಟ್ಟಿದಾಗಿನಿಂದ ಜೊತೆಗಿದ್ದ ಅತ್ತೆಯೂ ಅದನ್ನೇ ಹೇಳುತ್ತಿದ್ದರು. "ಹುಡುಕಮ್ಮ, ಹುಡುಕು. ಮಗು ಇರೋ ಮನೆ."

ಶನಿವಾರ ನಾಲ್ಕು ಗಂಟೆಗೆ ಮಗು ಚಾಪೆಯ ಮೇಲೆ ಮಲಗಿತ್ತು. ಅಪ್ಪ ಅದಕ್ಕೆ ಇಟ್ಟ ಅಡ್ಡಹೆಸರು ‘ಬಾಬಿನ್’, ಹೊಲಿಗೆ ಮಿಷನ್ನಿನ ದಾರದ ಉರುಳೆ. ಮಲಗಿದಲ್ಲೇ ಉರುಳಿ ಉರುಳಿ ಗೋಡೆ ಮುಟ್ಟುತ್ತಿತ್ತು. ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಇವಳು ಕೊನೆಯ ಹೊಲಿಗೆ ಮುಗಿಸಿ, ತೊಟ್ಟ ಬಟ್ಟೆ ಕಳಚಿಟ್ಟು, ಹೊಸ ಉಡುಪನ್ನು ತಲೆಯ ಮೇಲಿಂದ ಇಳಿಬಿಟ್ಟಳು.

ಕೆಳಗಿನ ಅಂಚು ಭುಜ ದಾಟಿತು. ಸೊಂಟದ ಭಾಗ ಎದೆಯ ಹತ್ತಿರ ನಿಂತುಬಿಟ್ಟಿತು.

ಕೈಗಳೆರಡೂ ಮೇಲೆ, ಮುಖದ ತುಂಬ ನೀಲಿ ಬಟ್ಟೆ. ಕೆಳಕ್ಕೆ ಎಳೆದರೆ ಬರದು, ಮೇಲಕ್ಕೆ ಎಳೆದರೆ ಹೋಗದು. ಆಗ ಹೊಳೆಯಿತು: ಜಿಪ್ಪಿಗೆಂದು ಬಿಡಬೇಕಾದ ಪಕ್ಕವನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾಳೆ! ಮೊದಲ ವಾರದ ಕಲಿಯುವ ಹುಡುಗಿಯೂ ಮಾಡದ ತಪ್ಪು. ಹೊಲಿಯುವಾಗ ಕಣ್ಣು ಬಟ್ಟೆಯ ಮೇಲಿತ್ತು, ಮನಸ್ಸು ನೆಲದ ಮೇಲಿತ್ತು.

ಅಷ್ಟರಲ್ಲಿ ಚಾಪೆಯ ಕಡೆ ಸರಸರ ಸದ್ದು. ಬಾಬಿನ್ ಎದ್ದಿದೆ. ಅಂಗೈ ನೆಲಕ್ಕೆ ಬಡಿಯುವ ಸಪ್ಪಳ ಮಿಷನ್ನಿನ ಕಡೆಗೆ ಸಾಗಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅಳುವ ಮಗುವಿಗೆ ಹೆದರುವವರಿಲ್ಲ. ಸುಮ್ಮನಾದ ಮಗುವಿಗೆ ಎಲ್ಲರೂ ಹೆದರುತ್ತಾರೆ. ಅವಳು ಮಿಷನ್ನಿನ ಕಡೆ ತಿರುಗಿದಳು. ಒಂದು ಹೆಜ್ಜೆ ಇಟ್ಟರೆ ಮಂಚದ ಮೂಲೆ ಮೊಣಕಾಲಿಗೆ ಬಡಿಯಿತು; ಇನ್ನೊಂದು ಇಟ್ಟರೆ ಮಗುವನ್ನೇ ತುಳಿಯುವ ಭಯ.

"ಅತ್ತೇ! ಬೇಗ ಬನ್ನಿ! ಮಗು ಬಾಯಲ್ಲೇನಿದೆ ನೋಡಿ!"

ಅತ್ತೆಯ ಹೆಜ್ಜೆ ಸದ್ದು ಒಳಗೆ ಬಂತು. ಮೊದಲು ಕೇಳಿದ್ದು ನಗು. "ಅಯ್ಯೋ, ಏನೇ ಇದು, ದಿಂಬಿನ ಚೀಲದಲ್ಲಿ ಬೆಕ್ಕು ಸಿಕ್ಕಿದ ಹಾಗೆ!"

"ನನ್ನ ಬಿಡಿ, ಮಗು ನೋಡಿ!"

"ಕಾಗದ. ನೀನು ಕತ್ತರಿಸಿದ್ಯಲ್ಲ, ತೋಳಿನ ಅಳತೆ ಕಾಗದ. ಅರ್ಧ ತೋಳು ತಿಂದಿದಾಳೆ. ಬಾ ಇಲ್ಲಿ, ಉಗಿ. ಹ್ಞಾಂ." ಮಗು ರಂಪ ಮಾಡಿತು. ಅದರಷ್ಟು ಇಂಪಾದ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಮಗುವನ್ನು ಮಂಚಕ್ಕೇರಿಸಿ, ಅತ್ತೆ ಸಣ್ಣ ಕತ್ತರಿ ಹಿಡಿದು ಬಂದರು. ಎಡಪಕ್ಕದ ಹೊಲಿಗೆಯನ್ನು ಕೆಳಗಿನಿಂದ ಒಂದೊಂದೇ ಎಳೆ ಬಿಚ್ಚತೊಡಗಿದರು.

"ಬಟ್ಟೆಗೆ ಕತ್ತರಿ ತಾಗಿಸಬೇಡಿ."

"ಒಳಗಿದ್ಕೊಂಡೇ ಚೆಕಿಂಗಾ?" ಕತ್ತರಿ ಕಟ್ ಕಟ್ ಎಂದಿತು. "ಫೋನ್ ಮಾಡಿದ್ಯಾ?"

"ಸೂಜಿ ಸಿಗಲಿ."

"ಫ್ಯಾಕ್ಟರೀಲಿ ಮಕ್ಕಳನ್ನ ನೋಡ್ಕೊಳ್ಳೋ ಕೋಣೆ ಇದೆ ಅಂದಿದ್ಯಲ್ಲ?"

"ವರ್ಷ ತುಂಬಿರಬೇಕು ಅಂತಾರೇನೋ."

"ಅಂತಾರೇನೋ ಅಂದ್ರೆ? ಕೇಳಿದ್ಯಾ, ಇಲ್ವಾ?"

ಬಟ್ಟೆಯೊಳಗಿನ ಬಿಸಿಯುಸಿರು ಅವಳ ಮುಖಕ್ಕೇ ಮರಳಿ ಬಡಿಯುತ್ತಿತ್ತು. "ಕೇಳಿಲ್ಲ. ಆಗಲ್ಲ ಅಂದ್ಬಿಟ್ರೆ?"

ಕತ್ತರಿ ನಿಂತಿತು. ಮುಖ ಕಾಣದ್ದರಿಂದಲೋ ಏನೋ, ಅತ್ತೆ ಎಂದೂ ಆಡದ ಮಾತಾಡಿದರು. "ಇವಳನ್ನ ನನ್ನ ಹತ್ರ ಬಿಟ್ಟು ಹೋಗ್ತೀಯೇನೋ ಅಂತ ಭಯ ಕಣೇ ನನಗೆ. ಕೂತಲ್ಲೇ ಜೊಂಪು ಹತ್ತುತ್ತೆ. ನನ್ನ ಮಂಡಿ ಏಳೋದ್ರೊಳಗೆ ಇವಳು ಬಾಗಿಲು ದಾಟಿರ್ತಾಳೆ. ಏನಾದ್ರೂ ಆದ್ರೆ ನಿಮ್ಮಿಬ್ಬರ ಮುಖ ಹೇಗೆ ನೋಡ್ಲಿ? ಆಗಲ್ಲ ಅನ್ನೋಕೂ ನಾಚಿಕೆ."

ಕೊನೆಯ ಎಳೆ ಬಿಟ್ಟಿತು. ಉಡುಪು ಸಡಿಲವಾಗಿ ಹೆಗಲಿಗೆ ಇಳಿಯಿತು. ಬೆಳಕಿಗೆ ಕಣ್ಣು ಕಿರಿದಾಗಿಸಿ ನೋಡಿದರೆ, ಗೇಣು ದೂರದಲ್ಲಿ ಅತ್ತೆಯ ಮುಖ. ಕನ್ನಡಕದ ಕಡ್ಡಿ ಸೇರುವ ಕೀಲಿನಲ್ಲಿ, ನೆರೆಗೂದಲ ಮರೆಯಲ್ಲಿ, ಸಾಸಿವೆಯಷ್ಟು ಬಿಳಿ ಮಣಿ. ನಾಲ್ಕು ದಿನ ನೆಲ ನೋಡಿದವಳು ಒಂದು ಸಲವೂ ತಲೆಯೆತ್ತಿ ಇವರ ಮುಖ ನೋಡಿರಲಿಲ್ಲ.

"ಅತ್ತೆ!"

ಅತ್ತೆಯ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. "ಸ್ಕ್ರೂ ಬಿದ್ದೋಗಿತ್ತು. ಇದನ್ನ ತೂರಿಸಿ ಬಗ್ಗಿಸಿದೆ. ಮೊದಲನೇ ದಿನ ನೀನು ಏನು ಹುಡುಕ್ತಿದೀಯ ಅಂತಾನೇ ತಿಳೀಲಿಲ್ಲ. ತಿಳಿದ ಮೇಲೆ..." ಅವರು ಮಗುವಿನ ಕಡೆ ತಿರುಗಿದರು. "ಹುಡುಕ್ತಾ ಇದ್ದಷ್ಟು ದಿನ ನೀನು ಕೆಲಸಕ್ಕೆ ಹೋಗಲ್ಲ ಅನ್ನಿಸ್ತು."

"ಮಗು ನುಂಗಿದೆ ಅಂತ ನಾನು ಮೂರು ರಾತ್ರಿ ಕಣ್ಣು ಮುಚ್ಚಿಲ್ಲ!"

"ಗೊತ್ತು. ನಾನೂ ಮುಚ್ಚಿಲ್ಲ. ಬೈಯಿ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಗಡಿಯಾರ ಐದಕ್ಕೆ ಹತ್ತು ನಿಮಿಷ ಎಂದು ತೋರಿಸಿತು. ಸೂಜಿ ಸಿಕ್ಕಿದೆ, ಇನ್ನು ಅವಳ ಹತ್ತಿರವೂ ಯಾವ ನೆಪವೂ ಉಳಿದಿಲ್ಲ. ಮಿಷನ್ನಿನ ಮೇಲಿದ್ದ ಗುಂಡುಸೂಜಿಯ ಡಬ್ಬಿಯನ್ನು ಅತ್ತೆಯ ಕಡೆ ನೂಕಿದಳು. "ನಿಮ್ಮ ಸ್ಕ್ರೂ ಅದರಲ್ಲಿದೆ. ನನ್ನದು ನನಗೆ ವಾಪಸ್ ಕೊಡಿ."

ಬಿಚ್ಚಿದ ಪಕ್ಕವನ್ನು ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯಲ್ಲಿ ಫೋನ್ ಒತ್ತಿದಳು. ಎರಡೂ ತುದಿಗಳ ನಡುವೆ ನಾಲ್ಕು ಬೆರಳಷ್ಟು ಅಂತರ. ಜಿಪ್ಪು ಇಟ್ಟರೂ ಕೂಡುವ ಹಾಗಿರಲಿಲ್ಲ.

"ಅಕ್ಕಾ, ನಾನು. ಮಿಲಿಮೀಟರ್."

"ಬದುಕಿದೀಯೇನೇ! ಬರ್ತೀಯೋ, ಇಲ್ವೋ?"

"ಬರ್ಬೇಕು ಅಂತಿದೆ ಅಕ್ಕ. ಕೆಳಗಡೆ ಮಕ್ಕಳ ಕೋಣೇಲಿ ಒಂಬತ್ತು ತಿಂಗಳಿನವರನ್ನ ತಗೋತಾರಾ?"

ಆ ಕಡೆ ನೂರು ಮಿಷನ್ನುಗಳ ಸದ್ದು. "ಒಂದ್ನಿಮಿಷ ಇರು. ಕೇಳ್ತೀನಿ. ಫೋನ್ ಇಡಬೇಡ."

ಅವಳು ಇಡಲಿಲ್ಲ. ಅತ್ತೆ ಕನ್ನಡಕ ಕಳಚಿ ಮಡಿಲಲ್ಲಿಟ್ಟುಕೊಂಡು, ಕಾಣದ ಕಣ್ಣಿನಲ್ಲಿ ಇವಳ ಮುಖವನ್ನೇ ನೋಡುತ್ತಿದ್ದರು.